ಗಡಿಯಾರದಲ್ಲಿ ಎರಡೂವರೆ ಗಂಟೆ, ಸೀಟಿನಲ್ಲಿ ಹದಿನಾರು ಗಂಟೆ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಪ್ರವಾಸ

ಬುಧವಾರ, ಮೈಸೂರು

ಟಿಕೆಟ್ಟಿನಲ್ಲಿ ಹೀಗಿತ್ತು: ಬೆಂಗಳೂರಿನಿಂದ ಹೊರಡುವುದು ಗುರುವಾರ ಮಧ್ಯಾಹ್ನ 2.30. ಸ್ಯಾನ್ ಫ್ರಾನ್ಸಿಸ್ಕೋ ತಲುಪುವುದು ಗುರುವಾರ ಸಂಜೆ 5. ನನ್ನ ಹೆಂಡತಿ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದಳು. "ಅಮೆರಿಕಕ್ಕೆ ಎರಡೂವರೆ ಗಂಟೆನಾ? ನಾಳೆ ನಮ್ಮ ಬಸ್ಸು ಏರ್‌ಪೋರ್ಟಿಗೆ ಹೋಗೋಕೇ ನಾಲ್ಕು ಗಂಟೆ ಬೇಕಲ್ಲ" ಅಂದಳು.

ನಾನು ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದವನು. ಇಂಥ ಪ್ರಶ್ನೆ ಬಂದರೆ ಬಾಯಿ ಮುಚ್ಚಿಕೊಂಡು ಕೂರುವ ಅಭ್ಯಾಸ ಇಲ್ಲ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಎರಡೂವರೆಗೆ ಹದಿಮೂರೂವರೆ ಸೇರಿಸಿದರೆ ಹದಿನಾರು. ವಿಮಾನದಲ್ಲಿ ಕೂರುವುದು ಅಷ್ಟು ಹೊತ್ತು. "ಹಾಗಾದರೆ ಟಿಕೆಟ್ಟಿನಲ್ಲಿ ಹದಿನಾರು ಅಂತಲೇ ಬರೆಯಬಹುದಿತ್ತಲ್ಲ" ಅಂದಳು. ಅದೂ ಬರೆದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ.

ಪೆಟ್ಟಿಗೆ ತುಂಬುವುದು ಬಿಟ್ಟು ನಾನು ಗ್ಲೋಬ್ ತೆಗೆದೆ. ಬೆಂಗಳೂರಿನ ಮೇಲೆ ದಾರದ ಒಂದು ತುದಿ, ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆದೆ. ಗೋಡೆಗೆ ನೇತುಹಾಕುವ ಭೂಪಟ ನೋಡಿ ಬೆಳೆದವರಿಗೆ ಅಮೆರಿಕ ಅಂದರೆ ಒಂದೋ ಎಡಗಡೆ, ಅರಬ್ಬೀ ಸಮುದ್ರ ದಾಟಿ. ಇಲ್ಲವೇ ಬಲಗಡೆ, ಪೆಸಿಫಿಕ್ ದಾಟಿ. ದಾರ ಎರಡೂ ಕಡೆ ಹೋಗಲಿಲ್ಲ. ಸೀದಾ ಮೇಲಕ್ಕೆ ಹೋಯಿತು. ಪ್ರಯಾಗ್‌ರಾಜ್ ಪಕ್ಕ, ಗೋರಖ್‌ಪುರದ ಮೇಲೆ, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಅಂಚು, ಸೈಬೀರಿಯಾ. ಅಲ್ಲಿಂದ ಉತ್ತರ ಅಕ್ಷಾಂಶ 71 ಡಿಗ್ರಿ ಮುಟ್ಟಿ ಬಾಗಿ, ಅಲಾಸ್ಕಾದ ಮೇಲಿಂದ ಇಳಿದು ಕ್ಯಾಲಿಫೋರ್ನಿಯಾ. ಅಮೆರಿಕಕ್ಕೆ ಹೋಗಬೇಕಾದರೆ ಗೋರಖ್‌ಪುರದ ಕಡೆ ಮುಖ ಮಾಡಿ ಹೊರಡಬೇಕು ಅಂದರೆ ತರಗತಿಯ ಕೊನೇ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಈ ದಾರದ ಉದ್ದ ಸುಮಾರು 14,000 ಕಿ.ಮೀ. ಇದಕ್ಕೆ ಯಾವ ಆ್ಯಪೂ ಬೇಡ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಈ ಎರಡು ಊರುಗಳ ನಡುವೆ 126 ಡಿಗ್ರಿ ಇದೆ. ಗುಣಿಸಿದರೆ ಆಯಿತು. ಭೂಮಿಯ ಮೇಲೆ ಯಾವುದೇ ಎರಡು ಊರು 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ. ಅದಕ್ಕೂ ಆಚೆ ಹೋದರೆ ಇನ್ನೊಂದು ಕಡೆಯಿಂದ ಹತ್ತಿರವಾಗುತ್ತಾ ಬರುತ್ತೀರಿ. ಅಂದರೆ ನಾವು ಹೊರಟಿದ್ದು ಇರಬಹುದಾದ ದೂರದಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ.

ಆದರೆ ದಾರ ಹೋದ ದಾರಿಯಲ್ಲಿ ವಿಮಾನ ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ಆ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಹೋದರೆ ಪೈಲಟ್ ತಕ್ಷಣ 3,000 ಮೀಟರ್ ಮಟ್ಟಕ್ಕೆ ಇಳಿಸಬೇಕು. ನಮ್ಮ ತಲೆ ಮೇಲಿನ ಆಮ್ಲಜನಕದ ಮುಖವಾಡ ಕೆಲಸ ಮಾಡುವುದು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ. ಟಿಬೆಟ್ ಮೇಲೆ 3,000 ಮೀಟರಿಗೆ ಇಳಿದರೆ ವಿಮಾನ ಬೆಟ್ಟದೊಳಗೆ ಇರುತ್ತದೆ. ಇನ್ನೊಂದು ಅಡ್ಡಿ ರಾಜಕೀಯದ್ದು. 2022ರ ಯುಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ಮುಚ್ಚಲಿಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿದ ಸುದ್ದಿ ನಿಮಗೆ ನೆನಪಿರಬಹುದು. ಅಷ್ಟು ದೂರದ, ಅಷ್ಟು ಚಳಿಯ ಊರಿನ ಹೆಸರನ್ನು ಪಾಠ ಮಾಡುವಾಗ ನಾನೇ ಒಮ್ಮೆಯೂ ಹೇಳಿರಲಿಲ್ಲ.

ಮಗಳು ಬೇರೆ ದಾರಿಗಳನ್ನೂ ಕಳಿಸಿದ್ದಳು. ದುಬೈ ಮೇಲೆ ಹೋದರೆ 2,700 ಮತ್ತು 13,000 ಸೇರಿ 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೇಲೆ ಹೋದರೆ 7,400 ಮತ್ತು 9,150, ಒಟ್ಟು ಹದಿನಾರೂವರೆ ಸಾವಿರ. ಹಾರಾಟದ ಹೊತ್ತಿಗಿಂತ ನಡುವಿನ ಕಾಯುವಿಕೆಯೇ ಪ್ರಾಣ ಹಿಂಡುತ್ತದೆ. ಟಿಕೆಟ್ ದರ ಆ ಕಡೆ ಕಡಿಮೆ, ನಿಜ. ಆದರೆ ಮೊಣಕಾಲು ನೋವಿನ ಹೆಂಡತಿಯನ್ನು ಕರೆದುಕೊಂಡು ನಡುರಾತ್ರಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಓಡುವುದು ನನ್ನಿಂದ ಆಗದು. ಡೈರೆಕ್ಟ್ ಫ್ಲೈಟೇ ಇರಲಿ ಅಂದೆ.

ಗುರುವಾರ

ಬೆಳಗಿನ ಜಾವ ಐದಕ್ಕೆ ಮೈಸೂರು ಬಿಟ್ಟೆವು. ಫ್ಲೈ ಬಸ್ ನೇರವಾಗಿ ವಿಮಾನ ನಿಲ್ದಾಣಕ್ಕೇ ಹೋಗುತ್ತದೆ, ಪೆಟ್ಟಿಗೆ ಹೊತ್ತು ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವ ಗೋಳಿಲ್ಲ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನ ಅಂಚಿಗೆ ಬೇಗ ಬರುತ್ತೇವೆ. ಉಳಿಸಿದ ಹೊತ್ತನ್ನೆಲ್ಲ ಅಲ್ಲಿಂದ ಹೆಬ್ಬಾಳದವರೆಗೆ ಖರ್ಚು ಮಾಡುತ್ತೇವೆ. ಸುಮಾರು 185 ಕಿ.ಮೀ.ಗೆ ನಾಲ್ಕು ಗಂಟೆ ಹಿಡಿಯಿತು. ಅದೇ ವೇಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರೆ ಎಷ್ಟು ದಿನ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಊಟ ನಿದ್ದೆಗೂ ನಿಲ್ಲದೆ ಹೋದರೆ ಹನ್ನೆರಡು ದಿನಕ್ಕೂ ಜಾಸ್ತಿ.

ಎರಡನೇ ಟರ್ಮಿನಲ್ ಬಿದಿರು, ತೂಗುಬಿಟ್ಟ ಗಿಡಗಳಿಂದ ತುಂಬಿದೆ. ಹೆಂಡತಿ ಗಿಡಗಳಿಗೆ ನೀರು ಯಾರು ಹಾಕುತ್ತಾರೆ ಅಂತ ವಿಚಾರಿಸುವುದರಲ್ಲಿ ಇದ್ದಳು. ನಾನು ಕಿಟಕಿಯಿಂದ ವಿಮಾನ ನೋಡುತ್ತಾ ನಿಂತೆ. ಬೋಯಿಂಗ್ 777-200 ಎಲ್‌ಆರ್. ಎಲ್‌ಆರ್ ಅಂದರೆ ದೂರದ ಹಾದಿಯದ್ದು. 2005ರ ನವೆಂಬರ್‌ನಲ್ಲಿ ಇದೇ ಮಾದರಿಯ ವಿಮಾನ ಹಾಂಗ್‌ಕಾಂಗ್‌ನಿಂದ ಹೊರಟು, ಹತ್ತಿರದ ದಾರಿ ಬಿಟ್ಟು, ಪೂರ್ವಕ್ಕೆ ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲ ದಾಟಿ ಲಂಡನ್‌ನಲ್ಲಿ ಇಳಿದಿತ್ತು. ಎಲ್ಲೂ ನಿಲ್ಲದೆ ಸುಮಾರು 21,600 ಕಿ.ಮೀ., 22 ಗಂಟೆ 42 ನಿಮಿಷ. ಅದರ ಮುಂದೆ ನಮ್ಮದು ಸಾಧಾರಣ ಪ್ರಯಾಣ.

ಬೆಂಗಳೂರಿನಿಂದ ಇಷ್ಟು ದೂರ ಹಾರುವುದಕ್ಕೆ ಒಂದು ತೊಡಕಿದೆ. ಅದು ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಈ ವಿಮಾನದ ಟ್ಯಾಂಕಿನಲ್ಲಿ 1,80,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತದೆ. ನೆಲ ಬಿಡುವಾಗ ಒಟ್ಟು ತೂಕ 347 ಟನ್‌ವರೆಗೆ ಇರಬಹುದು. ಅದರಲ್ಲಿ ದೊಡ್ಡ ಪಾಲು ಇಂಧನದ್ದೇ. ಬೆಂಗಳೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು. ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೂ ಎಂಜಿನ್ನಿಗೂ ಬೇಕಾದಷ್ಟು ಗಾಳಿ ಸಿಗಬೇಕಾದರೆ ಜಾಸ್ತಿ ಓಡಬೇಕು. ನಿಲ್ದಾಣದ ರನ್‌ವೇ 4,000 ಮೀಟರ್ ಉದ್ದ ಇರುವುದು ಸುಮ್ನೆ ಅಲ್ಲ. ನಾವು ಓಡಿದ್ದು ಎಷ್ಟು ಹೊತ್ತು ಅಂದರೆ, ಇನ್ನು ರಸ್ತೆಯಲ್ಲೇ ಹೋಗುತ್ತದೇನೋ ಅನ್ನಿಸಿತು.

ಇನ್ನೊಂದು ಸಣ್ಣ ಮಾತು. ಟಿಕೆಟ್ಟಿನ 2.30 ಅಂದರೆ ವಿಮಾನ ಗೇಟು ಬಿಡುವ ಹೊತ್ತು, ನೆಲ ಬಿಡುವ ಹೊತ್ತಲ್ಲ. ತಲುಪುವ ಹೊತ್ತೂ ಹಾಗೆಯೇ, ಅಲ್ಲಿಯ ಗೇಟಿಗೆ ಬಂದು ನಿಲ್ಲುವ ಹೊತ್ತು. ಹದಿನಾರು ಗಂಟೆಯಲ್ಲಿ ನೆಲದ ಮೇಲೆ ಉರುಳಾಡುವ ಹೊತ್ತೂ ಸೇರಿದೆ. ನಿಜವಾಗಿ ಆಕಾಶದಲ್ಲಿ ಇರುವುದು ಅದಕ್ಕಿಂತ ಕಡಿಮೆ.

ವಿಮಾನ ಈಶಾನ್ಯಕ್ಕೆ ತಿರುಗಿ ಬಂಗಾಳಕೊಲ್ಲಿಗೆ ಬಂತು. ಮಧ್ಯಾಹ್ನದ ಊಟದ ತಟ್ಟೆ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಪೂರ್ವಕ್ಕೆ ಹೋಗುವವರಿಗೆ ಸೂರ್ಯ ಬೇಗ ಮುಳುಗುತ್ತಾನೆ. ಊರಲ್ಲಿ ಆಗ ಇನ್ನೂ ಬಿಸಿಲಿತ್ತು. ನಮಗೆ ಮ್ಯಾನ್ಮಾರ್ ಕರಾವಳಿಯಲ್ಲಿ ಕತ್ತಲು.

ಆಮೇಲೆ ನಿದ್ದೆ ಮಾಡುವವರು ಮಾಡಿದರು. ನಾನು ಪರದೆಯ ಮೇಲಿನ ನಕ್ಷೆ ಹಾಕಿಕೊಂಡು ಕೂತೆ. ಹೆಂಡತಿ ಒಂದು ಸಿನಿಮಾ ಮುಗಿಸಿ ಇನ್ನೊಂದಕ್ಕೆ ಕೈಹಾಕಿ, ಅರ್ಧದಲ್ಲಿ ನಿದ್ದೆಹೋದಳು. ವಿಮಾನದೊಳಗಿನ ಗಾಳಿ ನೆಲದ ಮೇಲಿನ ಗಾಳಿಯಂತಲ್ಲ. ಒತ್ತಡ ಹೆಚ್ಚುಕಡಿಮೆ ಊಟಿಯಷ್ಟು ಎತ್ತರದಲ್ಲಿ ಇದ್ದ ಹಾಗೆ. ತೇವಾಂಶ ಮಾತ್ರ ಊಟಿಯದ್ದಲ್ಲ, ಮರುಭೂಮಿಯಷ್ಟು ಒಣ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯಬೇಕು. ಕಾಲು ಊದುತ್ತದೆ, ಆಗಾಗ ಎದ್ದು ಓಡಾಡಬೇಕು. ನಮ್ಮ ವಯಸ್ಸಿನವರು ಕಿಟಕಿ ಸೀಟಿಗೆ ಆಸೆಪಡುವುದು ಬೇಡ. ಓಣಿ ಪಕ್ಕದ ಸೀಟು ತೆಗೆದುಕೊಳ್ಳಿ. ಶೌಚಾಲಯಕ್ಕೆ ಹೋಗುವಾಗ ಪಕ್ಕದವರನ್ನು ಎಬ್ಬಿಸಬೇಕು ಅನ್ನುವ ಸಂಕೋಚಕ್ಕೇ ನೀರು ಕುಡಿಯದೆ ಕೂರುವವರನ್ನು ನೋಡಿದ್ದೇನೆ.

ಜಪಾನಿನ ಹತ್ತಿರ ಬಂದಾಗ ಪರದೆಯಲ್ಲಿ ವೇಗ ಏರತೊಡಗಿತು. ಈ ವಿಮಾನದ ಸಹಜ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಅದು 1,000 ದಾಟಿತು, 1,100 ದಾಟಿತು. ಎಂಜಿನ್ ಸದ್ದು ಬದಲಾಗಲಿಲ್ಲ. ಅದು ಜೆಟ್ ಸ್ಟ್ರೀಮ್ ಕೆಲಸ. ಸುಮಾರು ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಪಟ್ಟಿ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ಮೀರುತ್ತದೆ. ತುಂಬಿದ ಕಾವೇರಿಯಲ್ಲಿ ತೆಪ್ಪ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಜೊತೆ ಹೋಗುವಾಗ ಹುಟ್ಟು ಹಾಕಿದ್ದಕ್ಕಿಂತ ಹೆಚ್ಚು ದೂರ ಹೋಗಿರುತ್ತೀರಿ, ವಾಪಸು ಬರುವಾಗ ತೋಳು ಬಿದ್ದುಹೋಗುತ್ತದೆ. ಹತ್ತಿರದ ದಾರಿ ಬಿಟ್ಟು ನಮ್ಮ ವಿಮಾನ ದಕ್ಷಿಣಕ್ಕೆ ಸರಿದು ಪೆಸಿಫಿಕ್ ಮೇಲೆ ಹೊರಟಿದ್ದು ಇದೇ ಗಾಳಿಗಾಗಿ. ದೂರ ಜಾಸ್ತಿಯಾದರೂ ಹೊತ್ತು ಕಡಿಮೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಅವು ಎತ್ತ ಎಷ್ಟು ಬೇಗ ಹೋಗುತ್ತವೆ ಅಂತ ನೋಡಿ ಲೆಕ್ಕ ಮಾಡಿದರು. ಜಗತ್ತಿಗೆಲ್ಲ ತಿಳಿಯಲಿ ಅಂತ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಎಲ್ಲರಿಗೂ ಸೇರಿದ ಭಾಷೆ ಅಂತ ಕಟ್ಟಿದ್ದನ್ನು ಓದುವವರು ಬೆರಳೆಣಿಕೆಯಷ್ಟು ಜನ. ಹಾಗಾಗಿ ಹೊರಗಿನವರು ಅದನ್ನು ಗಮನಿಸಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ಬಿ-29 ಬಾಂಬರ್ ವಿಮಾನಗಳ ಪೈಲಟ್‌ಗಳು ಇದೇ ಗಾಳಿಗೆ ಸಿಕ್ಕಿ ಕಂಗಾಲಾದರು. ನನಗೆ ಓಯಿಶಿ ಮೇಲೆ ಒಂಥರಾ ಪ್ರೀತಿ. ಒಳ್ಳೆಯ ಮೇಷ್ಟ್ರುಗಳಿಗೂ ಎಷ್ಟೋ ಸಲ ಹೀಗೇ ಆಗುತ್ತದೆ, ಅಲ್ವಾ?

ಅಲ್ಲೇ ಎಲ್ಲೋ ಗುರುವಾರ ಮುಗಿದು ಶುಕ್ರವಾರ ಹುಟ್ಟಿತು. ಪೆಸಿಫಿಕ್ ಮೇಲೆ ಕಿಟಕಿಯ ಅಂಚಿನಲ್ಲಿ ಬೆಳಕು ಕಂಡಿತು. ರಾತ್ರಿ ಬಹಳ ಚಿಕ್ಕದಾಗಿತ್ತು. ಶುಕ್ರವಾರದ ಸೂರ್ಯ ಇನ್ನೂ ಸರಿಯಾಗಿ ಮೇಲೆ ಬಂದಿರಲಿಲ್ಲ, 180 ಡಿಗ್ರಿ ರೇಖಾಂಶ ಬಂತು. ದಿನಾಂಕ ರೇಖೆ. ದಾಟಿದ ಕೂಡಲೇ ಮತ್ತೆ ಗುರುವಾರ ಬೆಳಗ್ಗೆ. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಈ ರೇಖೆ ಎಳೆದಿದ್ದೇನೆ. ಕೆಳಗೆ ನೋಡಿದರೆ ಮೋಡ, ನೀರು, ಅಷ್ಟೇ. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಶುಕ್ರವಾರದ ಪೂಜೆ ತಪ್ಪಿತು ಅನ್ನುವಂತಿಲ್ಲ ಹಾಗಾದರೆ" ಅಂತ ಮತ್ತೆ ಮಲಗಿದಳು.

ಸಂಜೆ ಐದಕ್ಕೆ ಸ್ವಲ್ಪ ಮುಂಚೆ ಕೊಲ್ಲಿಯ ನೀರಿನ ಮೇಲೆ ತೀರಾ ಕೆಳಗೆ ಬಂದು, ನೀರಲ್ಲೇ ಇಳಿಯುತ್ತೇವೇನೋ ಅನ್ನುವಾಗ ರನ್‌ವೇ ಸಿಕ್ಕಿತು. ಇಮಿಗ್ರೇಷನ್‌ನಲ್ಲಿ ಎಷ್ಟು ದಿನ ಇರುತ್ತೀರಿ, ಯಾರ ಮನೆ ಅಂತ ಕೇಳಿದರು. ಚಟ್ನಿಪುಡಿ, ಹುರಿಗಡಲೆ ಇದೆ ಅಂತ ಮೊದಲೇ ಹೇಳಿದ್ದರಿಂದ ತೊಂದರೆ ಆಗಲಿಲ್ಲ. ಸಾಲಿನಲ್ಲಿ ನಿಂತದ್ದು ಮಾತ್ರ ಒಂದೂವರೆ ಗಂಟೆ. ಆಮೇಲೆ ಮಗಳ ಮನೆಯಿರುವ ಫ್ರೀಮಾಂಟ್‌ವರೆಗೆ ಕಾರು, ಕಚೇರಿ ಬಿಟ್ಟವರ ಟ್ರಾಫಿಕ್. ಹೆಬ್ಬಾಳ ನೆನಪಾಯಿತು.

ಮೈಸೂರಿನ ಮನೆಯ ಬಾಗಿಲಿಂದ ಫ್ರೀಮಾಂಟ್‌ನ ಮನೆಯ ಬಾಗಿಲಿಗೆ ಇಪ್ಪತ್ತೆಂಟು ಗಂಟೆಯ ಹತ್ತಿರ ಆಯಿತು. ಹಾರಿದ್ದು ಹದಿನಾರು, ಉಳಿದದ್ದು ಬಸ್ಸು, ಸಾಲು, ಕಾಯುವುದು. ಇಷ್ಟಾದರೂ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಅದೇ ಗುರುವಾರ. ಮಧ್ಯೆ ಇಣುಕಿದ ಶುಕ್ರವಾರವನ್ನೂ ಸೇರಿಸಿಕೊಂಡು ಆ ಗುರುವಾರಕ್ಕೆ ಮೂವತ್ತೇಳೂವರೆ ಗಂಟೆ.

ಶುಕ್ರವಾರ, ಶನಿವಾರ

ಬರೆಯಲು ಏನೂ ಇಲ್ಲ. ಹಗಲು ಸೋಫಾದ ಮೇಲೆ ತೂಕಡಿಕೆ, ನಡುರಾತ್ರಿ ಎರಡಕ್ಕೆ ಹಸಿವು. ಹದಿಮೂರೂವರೆ ಗಂಟೆ ವ್ಯತ್ಯಾಸ ಅಂದರೆ ಹಗಲು ರಾತ್ರಿ ಪೂರ್ತಿ ತಿರುವುಮುರುವು. ದೇಹ ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ ಅನ್ನುತ್ತಾರೆ. ಬೆಳಗಿನ ಬಿಸಿಲಿನಲ್ಲಿ ನಡೆದಾಡಿ ಅಂದಳು ಮಗಳು. ಅದರಿಂದ ಉಪಯೋಗ ಆಗಿದ್ದು ನಿಜ. ಮೆಲ್ಲಗೆ ಉಪ್ಪಿಟ್ಟಿನ ಒಗ್ಗರಣೆ ಹಾಕಿದರೂ ಹೊಗೆ ಅಲಾರಂ ಕೂಗುತ್ತದೆ ಅನ್ನುವುದು ಶುಕ್ರವಾರ ರಾತ್ರಿ ಇಡೀ ಮನೆಗೆ ತಿಳಿಯಿತು.

ಭಾನುವಾರ

ಸಂಕ್ರಾಂತಿ. ಊರಲ್ಲಿ ಆ ಸಲ ಹಬ್ಬ ಸೋಮವಾರ. ಫ್ರೀಮಾಂಟ್‌ನಲ್ಲಿ ಭಾನುವಾರವೇ. ಸೂರ್ಯ ಮಕರ ರಾಶಿಗೆ ಬರುವ ಕ್ಷಣ ಎಲ್ಲರಿಗೂ ಒಂದೇ. ಭಾರತದಲ್ಲಿ ಅದು ಸೋಮವಾರ ನಸುಕಿನ ಮೂರು ಗಂಟೆ ಹತ್ತಿರ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಆಗ ಭಾನುವಾರ ಮಧ್ಯಾಹ್ನ ಒಂದೂವರೆ. ಇಲ್ಲಿಯ ಕನ್ನಡದವರಿಗೆ ರಜಾದಿನವೇ ಹಬ್ಬ ಬಂದದ್ದು ಅನುಕೂಲ. ಮಗಳ ಸ್ನೇಹಿತರ ಮನೆಯಲ್ಲಿ ಎಳ್ಳುಬೆಲ್ಲ ಹಂಚಿದರು, ಸಕ್ಕರೆ ಅಚ್ಚೂ ಇತ್ತು. ಅಚ್ಚಿನ ಮರ ಮಾತ್ರ ಮೈಸೂರಿಂದ ಬಂದದ್ದಂತೆ. ಹೆಂಡತಿ ಊರಿಗೆ ಫೋನ್ ಮಾಡಿ ತಂಗಿಗೆ ಶುಭಾಶಯ ಹೇಳಿದಳು. ಅವಳು ಆಗತಾನೇ ಎದ್ದು ರಂಗೋಲಿ ಹಾಕುತ್ತಿದ್ದಳು. ಇಲ್ಲಿ ಹಬ್ಬ ಮುಗಿಯುತ್ತಿತ್ತು.

ಬುಧವಾರ

ನಡುವೆ ಒಂದು ದಿನ ಗೋಲ್ಡನ್ ಗೇಟ್ ಸೇತುವೆ ನೋಡಿದೆವು. 1937ರದ್ದು, ಎರಡು ಗೋಪುರಗಳ ನಡುವೆ 1,280 ಮೀಟರ್. ಮಂಜಿನಲ್ಲಿ ಅರ್ಧ ಕಂಡಿತು. ಚಳಿ. ಬೇಗ ವಾಪಸು ಬಂದೆವು.

ನನಗೆ ನೋಡಬೇಕಾಗಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೀನ್ ಗ್ರಂಥಾಲಯದಲ್ಲಿರುವ ಡೇವಿಡ್ ರಮ್ಸಿ ಭೂಪಟ ಕೇಂದ್ರ. 2016ರಲ್ಲಿ ತೆರೆದದ್ದು. ಹಳೆಯ ಭೂಪಟ, ಅಟ್ಲಾಸ್, ಗ್ಲೋಬುಗಳು, ಅವನ್ನೇ ದೊಡ್ಡ ಪರದೆಯ ಮೇಲೆ ಹಿಗ್ಗಿಸಿ ನೋಡುವ ವ್ಯವಸ್ಥೆ. ಅಳಿಯ ಮಧ್ಯಾಹ್ನ ಬಿಟ್ಟುಹೋದವನು ಸಂಜೆ ಬಂದು ಕರೆದಾಗಲೂ ನನಗೆ ಏಳಲು ಮನಸ್ಸಿರಲಿಲ್ಲ.

ನಮ್ಮ ಶಾಲೆಗಳ ಗೋಡೆ ಮೇಲಿನ ಭೂಪಟದ ಮೂಲ 1569ರ ಮರ್ಕೇಟರ್ ನಕ್ಷೆ. ಅದು ವಿಮಾನಕ್ಕೆ ಮಾಡಿದ್ದಲ್ಲ, ಹಡಗಿಗೆ ಮಾಡಿದ್ದು. ದಿಕ್ಸೂಚಿ ಒಂದೇ ಕಡೆ ಹಿಡಿದು ಹೊರಟರೆ ಹಡಗಿನ ದಾರಿ ಅದರಲ್ಲಿ ನೇರ ಗೆರೆ ಆಗುತ್ತದೆ. ನಾವಿಕನಿಗೆ ಅಷ್ಟು ಸಾಕು. ಅದಕ್ಕಾಗಿ ಧ್ರುವದ ಕಡೆಗಿನ ನಾಡುಗಳನ್ನೆಲ್ಲ ಎಳೆದು ಹಿಗ್ಗಿಸಿದ್ದಾರೆ, ಧ್ರುವವಂತೂ ನಕ್ಷೆಯಲ್ಲೇ ಇಲ್ಲ. ಹಾಗಾಗಿ ಅತಿ ಹತ್ತಿರದ ದಾರಿ ಅದರಲ್ಲಿ ಬಿಲ್ಲಿನ ಹಾಗೆ ಬಾಗಿ, ಸುತ್ತುಬಳಸಿನ ದಾರಿಯಂತೆ ಕಾಣುತ್ತದೆ. ವಿಮಾನದ ಪರದೆ ನೋಡಿ "ಇವರ್ಯಾಕೆ ಸೀದಾ ಹೋಗಲ್ಲ" ಅಂತ ಎಷ್ಟು ಜನ ಕೇಳುತ್ತಾರೆ! ಸೀದಾ ಹೋಗುವವರು ಅವರೇ. ಬಾಗಿರುವುದು ಕಾಗದ. ಪ್ರತಿ ಶಾಲೆಗೂ ಒಂದು ಗ್ಲೋಬ್ ಕೊಟ್ಟರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಗ್ಲೋಬ್ ಇತ್ತು, ಹೆಡ್‌ಮಾಸ್ಟರ ಬೀರುವಿನೊಳಗೆ, ಬೀಗ ಹಾಕಿ.

ಶನಿವಾರ

ವಾಪಸು ವಿಮಾನ ರಾತ್ರಿ 8.30ಕ್ಕೆ. ಮಧ್ಯಾಹ್ನವೇ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕೆ ಹೊರಡಿಸಿದೆ. ಮನೆಯವರೆಲ್ಲ ಬೈದರು. ಅಂತರರಾಷ್ಟ್ರೀಯ ಟರ್ಮಿನಲ್ ಒಳಗೇ ಒಂದು ವಿಮಾನಯಾನ ವಸ್ತುಸಂಗ್ರಹಾಲಯ ಇದೆ, 1930ರ ದಶಕದ ಇಲ್ಲಿಯ ಹಳೆಯ ನಿಲ್ದಾಣದ ಹಜಾರದ ಮಾದರಿಯಲ್ಲೇ ಕಟ್ಟಿದ್ದು. ಒಳಗೆ ಹೋಗಲು ದುಡ್ಡಿಲ್ಲ. ಹೆಚ್ಚಿನ ಪ್ರಯಾಣಿಕರು ಅದರ ಮುಂದೆಯೇ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಾರೆ.

ಪೆಸಿಫಿಕ್ ದಾಟುವ ಅಂಚೆ ವಿಮಾನ ಶುರುವಾದದ್ದು ಇದೇ ಕೊಲ್ಲಿಯಿಂದ. 1935ರ ನವೆಂಬರ್ 22ರಂದು ಪ್ಯಾನ್ ಅಮೆರಿಕನ್ ಸಂಸ್ಥೆಯ 'ಚೈನಾ ಕ್ಲಿಪ್ಪರ್' ಎದುರು ದಡದ ಆಲಮೀಡಾದಲ್ಲಿ ನೀರಿನ ಮೇಲಿಂದಲೇ ಮೇಲೆದ್ದಿತು. ಅದು ಹಾರುವ ದೋಣಿ, ರನ್‌ವೇ ಬೇಕಿರಲಿಲ್ಲ. ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ದ್ವೀಪಗಳಲ್ಲಿ ನಿಂತು ನಿಂತು 29ಕ್ಕೆ ಮನಿಲಾ ಮುಟ್ಟಿತು. ದೂರ ಸುಮಾರು 13,000 ಕಿ.ಮೀ. ಗಾಳಿಯಲ್ಲಿ ಇದ್ದದ್ದೇ ಅರವತ್ತು ಗಂಟೆಯ ಹತ್ತಿರ. ನಮ್ಮ ದಾರಿ ಅದಕ್ಕಿಂತ ಒಂದು ಸಾವಿರ ಕಿ.ಮೀ. ಜಾಸ್ತಿ, ಅಷ್ಟೇ. ಆ ಪೈಲಟ್‌ಗಳಿಗೆ ದ್ವೀಪ ತಪ್ಪಿದರೆ ಇಳಿಯಲು ಬೇರೆ ಜಾಗ ಇರಲಿಲ್ಲ. ನಕ್ಷತ್ರ ನೋಡಿ ದಾರಿ ಲೆಕ್ಕ ಹಾಕುತ್ತಿದ್ದರು. ವೇಕ್ ದ್ವೀಪ ಎಷ್ಟು ಚಿಕ್ಕದು ಅಂತ ಗ್ಲೋಬಿನಲ್ಲಿ ಹುಡುಕಿ ನೋಡಿ.

ಭಾನುವಾರ

ಹೊರಟಿದ್ದು ಶನಿವಾರ ರಾತ್ರಿ, ಇಳಿಯುವುದು ಸೋಮವಾರ ಬೆಳಗಿನ ಜಾವ 3.45. ನಡುವಿನ ಭಾನುವಾರ ಪೂರ್ತಿ ವಿಮಾನದಲ್ಲಿ. ಹೋಗುವಾಗ ಹದಿನಾರು ಗಂಟೆ, ವಾಪಸು ಬರುವಾಗ ಹದಿನೇಳೂ ಮುಕ್ಕಾಲು. ಊರು ಅವೇ ಎರಡು, ಗಾಳಿ ಮಾತ್ರ ಈಗ ಎದುರು.

ಎದುರುಗಾಳಿ ತಪ್ಪಿಸಲು ವಿಮಾನ ಬಂದ ದಾರಿ ಬಿಟ್ಟು ಉತ್ತರಕ್ಕೆ ಹೊರಟಿತು. ಕೆನಡಾ ದಾಟಿ ಆರ್ಕ್ಟಿಕ್ ಸಮುದ್ರ, ಉತ್ತರ ಧ್ರುವದ ಕಡೆ. ಸುತ್ತು ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣದ ಅಕ್ಷಾಂಶ 37.6. ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಧ್ರುವದಿಂದ ಬೆಂಗಳೂರಿಗೆ 76.8. ಕೂಡಿದರೆ 129.2 ಡಿಗ್ರಿ, ಸುಮಾರು 14,370 ಕಿ.ಮೀ. ಅತಿ ಹತ್ತಿರದ ದಾರಿಗಿಂತ ಹೆಚ್ಚಾಗುವುದು 400 ಕಿ.ಮೀ. ಆಸುಪಾಸು. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿ ಇರುವುದರಿಂದ ಧ್ರುವ ಇವೆರಡಕ್ಕೂ ದಾರಿಯ ಮೇಲೇ ಸಿಗುತ್ತದೆ.

2021ರ ಜನವರಿ 9ರಂದು, ಅದೂ ಶನಿವಾರ ರಾತ್ರಿ, ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ನೇರ ವಿಮಾನ ಇಲ್ಲಿಂದ ಹೊರಟು ಉತ್ತರ ಧ್ರುವದ ಮೇಲೆ ಹಾರಿ ಸೋಮವಾರ ಬೆಳಗಿನ ಜಾವ ಬೆಂಗಳೂರಿಗೆ ಬಂದಿತ್ತು. ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಮಹಿಳೆಯರು. ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್.

ಧ್ರುವದ ದಾರಿಯಲ್ಲಿ ಪೈಲಟ್‌ಗಳಿಗೆ ಇಂಧನದ ಮೇಲೊಂದು ಕಣ್ಣು ಇರಬೇಕು. ಎಷ್ಟು ಉಳಿದಿದೆ ಅಂತಲ್ಲ, ಎಷ್ಟು ತಣ್ಣಗಾಗಿದೆ ಅಂತ. ಹೊರಗಿನ ಚಳಿ ಮೈನಸ್ 60 ಡಿಗ್ರಿಗೂ ಇಳಿಯಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ಜೆಟ್ ಎ ಇಂಧನ ಮೈನಸ್ 40ಕ್ಕೆ ಗಟ್ಟಿಯಾಗತೊಡಗುತ್ತದೆ. ನಮ್ಮ ಕಡೆ ತುಂಬುವ ಜೆಟ್ ಎ-1 ಮೈನಸ್ 47ರವರೆಗೆ ತಡೆಯುತ್ತದೆ. ತೀರಾ ತಣ್ಣಗಾದರೆ ವಿಮಾನವನ್ನು ಕೆಳಗಿನ, ಸ್ವಲ್ಪ ಬೆಚ್ಚಗಿನ ಗಾಳಿಗೆ ಇಳಿಸುತ್ತಾರೆ. ಇಲ್ಲವೇ ವೇಗ ಹೆಚ್ಚಿಸುತ್ತಾರೆ, ಗಾಳಿಯ ತಿಕ್ಕಾಟಕ್ಕೆ ರೆಕ್ಕೆ ಕೊಂಚ ಬಿಸಿಯಾಗುತ್ತದೆ.

ಜನವರಿಯಲ್ಲಿ ಧ್ರುವಕ್ಕೆ ಸೂರ್ಯ ಬರುವುದೇ ಇಲ್ಲ. ಅದು ಗೊತ್ತಿತ್ತು. ಆದರೆ ರಾತ್ರಿ ಹೊರಟು, ಧ್ರುವದ ರಾತ್ರಿ ದಾಟಿ ಆ ಕಡೆ ಸೈಬೀರಿಯಾಕ್ಕೆ ಇಳಿಯುವ ಹೊತ್ತಿಗೆ ಅಲ್ಲಿಯೂ ಸಂಜೆ ಮುಗಿದಿರುತ್ತದೆ ಅಂತ ಹೊಳೆದದ್ದು ಕಿಟಕಿಯ ಪರದೆ ಎತ್ತಿ ಎತ್ತಿ ನೋಡಿದ ಮೇಲೆ. ಕೆನಡಾ ಕತ್ತಲು, ಧ್ರುವ ಕತ್ತಲು, ರಷ್ಯಾ ಕತ್ತಲು, ಮಧ್ಯ ಏಷ್ಯಾ ಕತ್ತಲು. ಹೋಗುವಾಗ ಒಂದೇ ಗುರುವಾರಕ್ಕೆ ಎರಡು ಹಗಲು ಸಿಕ್ಕಿದ್ದವು. ಈ ಭಾನುವಾರಕ್ಕೆ ಒಂದು ಹಗಲೂ ಇಲ್ಲ. "ಸೂರ್ಯನ ವಾರಕ್ಕೇ ಸೂರ್ಯ ಇಲ್ಲವಲ್ರೀ" ಅಂದಳು ಹೆಂಡತಿ. ಅವತ್ತು ಎರಡು ಸಲ ಕೊಟ್ಟಿದ್ದು ರಾತ್ರಿಯ ಊಟವೋ ಬೆಳಗಿನ ತಿಂಡಿಯೋ ಅನ್ನುವುದು ಗಗನಸಖಿಗೂ ತಿಳಿದಂತೆ ಕಾಣಲಿಲ್ಲ.

ಸೋಮವಾರ

ಬೆಂಗಳೂರಿನಲ್ಲಿ ಇಳಿದಾಗ ನಾಲ್ಕಕ್ಕೆ ಹದಿನೈದು ನಿಮಿಷ. ಇಷ್ಟು ಬೆಳಗ್ಗೆ ಇಳಿಯುವುದರ ಲಾಭ ಇಮಿಗ್ರೇಷನ್ ಸಾಲಿನಲ್ಲೂ ರಸ್ತೆಯಲ್ಲೂ ಕಾಣುತ್ತದೆ. ಬಸ್ಸಿನಲ್ಲಿ ಇಬ್ಬರೂ ಗಾಢವಾಗಿ ಮಲಗಿದೆವು. ರಾಮನಗರದ ಬಂಡೆಗಳು ಯಾವಾಗ ಹೋದವೋ ಗೊತ್ತಾಗಲಿಲ್ಲ.

ಮಗಳು ಮುಂದಿನ ಸಲ ಬೇಸಿಗೆ ರಜೆಗೆ ಬನ್ನಿ ಅಂದಿದ್ದಾಳೆ. ಆಗ ಕ್ಯಾಲಿಫೋರ್ನಿಯಾದವರು ಗಡಿಯಾರ ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ, ವ್ಯತ್ಯಾಸ ಹನ್ನೆರಡೂವರೆ ಗಂಟೆಯೇ. ಅದೇ ಹದಿನಾರು ಗಂಟೆ ಹಾರಿದರೂ ಟಿಕೆಟ್ಟಿನಲ್ಲಿ ಎರಡೂವರೆ ಬದಲು ಮೂರೂವರೆ ಕಾಣುತ್ತದೆ. ಹದಿನಾರೇ ಆಗುತ್ತದೆ ಅನ್ನುವಂತೆಯೂ ಇಲ್ಲ. ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್ ಉತ್ತರಕ್ಕೆ ಸರಿಯುತ್ತದೆ, ಬಲ ಕುಗ್ಗುತ್ತದೆ. ಹೋಗುವಾಗ ಹೊತ್ತು ಸ್ವಲ್ಪ ಜಾಸ್ತಿ, ಬರುವಾಗ ಸ್ವಲ್ಪ ಕಡಿಮೆ ಆಗಬೇಕು. ಇಂಥ ದೂರದ ನೇರ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುತ್ತಲೂ ಇರುತ್ತದೆ, ಹಾಗಾಗಿ ಹೊರಡುವ ತಿಂಗಳು ಗೊತ್ತಾದ ಮೇಲೆಯೇ ಟಿಕೆಟ್ ನೋಡು ಅಂತ ಅವಳಿಗೆ ಹೇಳಿದ್ದೇನೆ. ಬೇಸಿಗೆಯಾದರೆ ಧ್ರುವದಲ್ಲಿ ಸೂರ್ಯ ಮುಳುಗುವುದಿಲ್ಲ. ವಾಪಸು ಬರುವಾಗ ಹಿಮ ಕಾಣಬಹುದು, ಆ ಸಲ ಮಾತ್ರ ಕಿಟಕಿ ಸೀಟು ನನಗೆ ಅಂತ ಹೆಂಡತಿಗೆ ಈಗಲೇ ಹೇಳಿ ಒಪ್ಪಿಸಿದ್ದೇನೆ.